ಬಾಟಲಿ ಹಾಲಿನ ಕರು ಸೊರಗಿದಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ತಾಯಿಯನ್ನು ಕಳೆದುಕೊಂಡ ಕರುವನ್ನೋ, ತಾಯಿ ಹತ್ತಿರ ಸೇರಿಸದೆ ಒದ್ದು ದೂಡಿದ ಕರುವನ್ನೋ ಬಾಟಲಿ ಹಾಲಿನಲ್ಲಿ ಸಾಕುವಾಗ, ಮೂರು ನಾಲ್ಕು ವಾರಗಳಲ್ಲಿ ಅದರ ಬೆನ್ನುಮೂಳೆ ಎದ್ದು ಕಾಣತೊಡಗಿ, ಹೊಟ್ಟೆ ಜೋತುಬಿದ್ದು, ರೋಮ ಹೊಳಪು ಕಳೆದುಕೊಂಡು ನಿಮಿರಿ ನಿಂತರೆ, ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕೆಲಸಗಳು ನಡೆಯುತ್ತವೆ. ಒಂದು, ಜಂತುಹುಳುವಿನ ಔಷಧ ಕುಡಿಸುವುದು. ಇನ್ನೊಂದು, ಹಾಲನ್ನು ಹೆಚ್ಚು ಮಾಡುವುದು. ಎರಡೂ ಕೆಲವೊಮ್ಮೆ ಸರಿಯಾದ ಉಪಾಯಗಳೇ ಆಗಿರುತ್ತವೆ. ಆದರೆ ದೋಷ ಎಲ್ಲಿದೆ ಎಂದು ನೋಡದೆ ಮಾಡಿದಾಗ ಒಂದು ವಾರ ಕಳೆದುಹೋಗುತ್ತದೆ, ಮತ್ತು ಬಡಕಲು ಕರುವಿಗೆ ಒಂದು ವಾರವೆಂದರೆ ಬಹಳ ದೊಡ್ಡ ಅವಧಿ.

ಒಂದು ಆಷಾಢದಲ್ಲಿ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಐದು ವಾರದ ಜೆರ್ಸಿ ಮಿಶ್ರತಳಿಯ ಹೆಣ್ಣುಗರುವೊಂದು ಬಂದಿತು. ನೆಂಟರ ಮನೆಯಲ್ಲಿ ಅದರ ತಾಯಿ ಕರು ಹಾಕಿದ ಹತ್ತನೆಯ ದಿನ ತೀರಿಕೊಂಡಿತ್ತು. ಅಡಿಕೆ ತೂಗುವ ಕಾಟಾದ ಮೇಲೆ ಗೋಣಿ ಹಾಸಿ ನಿಲ್ಲಿಸಿದಾಗ ತೂಕ 21.5 ಕಿಲೋ ಇತ್ತು. ಈ ತಳಿಯ ಕರು ಹುಟ್ಟುವಾಗಲೇ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ತೂಗುತ್ತದೆಯಾದ್ದರಿಂದ, ಐದು ವಾರ ಕುಡಿದ ಹಾಲು ಅದರ ಮೈಗೆ ಹತ್ತಿಯೇ ಇಲ್ಲ ಎಂಬುದು ಆ ಅಂಕಿಯಲ್ಲೇ ಗೊತ್ತಾಯಿತು. ಅದಕ್ಕೆ ಆ ಹೊತ್ತಿಗಾಗಲೇ ಎರಡು ಸಲ ಜಂತುಹುಳುವಿನ ಔಷಧ ಆಗಿತ್ತು. ಹಾಲೂ ದಿನಕ್ಕೆ ಎರಡೂವರೆ ಲೀಟರ್ ಹೋಗುತ್ತಿತ್ತು. ದೋಷ ಬೇರೆಲ್ಲೋ ಇತ್ತು. ನಮ್ಮ ಮನೆಗೆ ಬಂದ ಮೇಲೂ ಅದನ್ನು ಕಂಡುಕೊಳ್ಳಲು ನಾನು ಒಂಬತ್ತು ದಿನ ತೆಗೆದುಕೊಂಡೆ. ಅಷ್ಟು ತಡವಾಗಬೇಕಾಗಿರಲಿಲ್ಲ.

ಮೊದಲ ಗಳಿಗೆಯಲ್ಲಿ ನೋಡಬೇಕಾದದ್ದು

ಕರು ಎದ್ದು ನಿಲ್ಲುತ್ತದೆಯೇ, ಬಾಯಿಗೆ ತೊಳೆದ ಬೆರಳಿಟ್ಟರೆ ಚೀಪುತ್ತದೆಯೇ ಎಂದು ನೋಡಬೇಕು. ಬೆರಳನ್ನು ಬಿಗಿಯಾಗಿ ಎಳೆದುಕೊಂಡು ಚೀಪಿದರೆ, ಒಳಬಾಯಿ ಬೆಚ್ಚಗಿದ್ದರೆ, ಯೋಚಿಸಲು ನಮಗೆ ಸಮಯವಿದೆ. ಒಳಬಾಯಿ ತಣ್ಣಗಿದ್ದು ಕರು ಬೆರಳನ್ನು ಅಗಿಯುತ್ತದೆಯೇ ಹೊರತು ಚೀಪುವುದಿಲ್ಲವೆಂದಾದರೆ, ಬಾಟಲಿಯನ್ನು ಬಾಯಿಗೆ ತುರುಕಬಾರದು. ಗಟ್ಟಿಯಾಗಿ ಚೀಪದ ಕರುವಿನ ಗಂಟಲಿಗೆ ಸುರಿದ ಹಾಲು ಶ್ವಾಸನಾಳಕ್ಕೆ ಇಳಿದು ಎರಡು ದಿನಗಳಲ್ಲಿ ನ್ಯುಮೋನಿಯಾ ಆಗಿ ಕಾಣಿಸಿಕೊಳ್ಳುತ್ತದೆ. ಅಂಥ ಕರುವಿಗೆ ನಳಿಕೆಯ ಮೂಲಕ ಆಹಾರ ಕೊಡುವುದು ಪಶುವೈದ್ಯರ ಕೆಲಸ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡುವುದನ್ನು ಕರು ಸಾಕುವ ಪ್ರತಿಯೊಬ್ಬರೂ ಕಲಿತಿರಬೇಕು. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103ರ ಮೇಲೆ ಹೋದರೆ ಸೋಂಕನ್ನು ಹುಡುಕಬೇಕು. 100ಕ್ಕಿಂತ ಕೆಳಗಿದ್ದರೆ ಕರುವಿಗೆ ಆ ಕ್ಷಣ ಬೇಕಾದದ್ದು ಹಾಲಲ್ಲ, ಶಾಖ. ಮೈ ಒರೆಸಿ, ಕಂಬಳಿ ಹೊದೆಸಿ, ಬಚ್ಚಲ ಒಲೆಯ ಪಕ್ಕ ಒಣ ದರಕಿನ (ಕಾಡಿನಿಂದ ಗುಡಿಸಿ ತಂದ ಒಣ ಎಲೆಗಳ) ಮೇಲೆ ಮಲಗಿಸಿ, ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕೆಗಿಟ್ಟು, ಮೈ ಬಿಸಿಯಾದ ಮೇಲೆಯೇ ಹಾಲಿನ ಮಾತು. ತಣ್ಣಗಾದ ಕರುವಿನ ಹೊಟ್ಟೆ ಚಲಿಸುವುದೇ ಇಲ್ಲವಾದ್ದರಿಂದ ಒಳಗೆ ಹೋದ ಹಾಲು ಹಾಗೆಯೇ ಕೂರುತ್ತದೆ.

ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಾಗ ಅದು ಒಡನೆಯೇ ಕೂತುಕೊಳ್ಳಬೇಕು. ನಾಲ್ಕೈದು ಸೆಕೆಂಡು ಮಡಿಕೆಯಾಗಿಯೇ ನಿಂತರೆ, ಕಣ್ಣುಗುಡ್ಡೆ ಒಳಗೆ ಇಳಿದು ರೆಪ್ಪೆಗೂ ಗುಡ್ಡೆಗೂ ನಡುವೆ ಸಂದು ಕಾಣಿಸಿದರೆ, ಮೈಯಲ್ಲಿ ನೀರು ಬಹಳ ಕಡಿಮೆಯಾಗಿದೆ ಎಂದರ್ಥ. ಮಲಗಿದಲ್ಲಿಂದ ಏಳಲಾರದ ಕರುವಾದರೆ ರಕ್ತನಾಳಕ್ಕೆ ದ್ರಾವಣ ಕೊಡಿಸದೆ ಬೇರೆ ದಾರಿಯಿಲ್ಲ.

ಹಾಲಿನ ಲೆಕ್ಕ

ತುರ್ತು ಸ್ಥಿತಿ ಇಲ್ಲವೆಂದು ಖಚಿತವಾದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ ಹೊಟ್ಟೆಗೆ ನಿಜವಾಗಿ ಎಷ್ಟು ಹಾಲು ಹೋಗುತ್ತಿದೆ ಎಂಬುದು. ತೂಕದ ಹತ್ತನೆಯ ಒಂದು ಭಾಗದಷ್ಟು ಹಾಲು ಎಂಬ ರೂಢಿಯ ಲೆಕ್ಕ ಎಲ್ಲರಿಗೂ ಗೊತ್ತಿದೆ. 25 ಕಿಲೋ ಕರುವಿಗೆ ದಿನಕ್ಕೆ ಎರಡೂವರೆ ಲೀಟರ್. ಆದರೆ ಅದರಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಲೀಟರ್ ಕರು ಉಸಿರಾಡಿಕೊಂಡು, ಮೈ ಬಿಸಿ ಇಟ್ಟುಕೊಂಡು ಬದುಕಿರುವುದಕ್ಕೇ ಖರ್ಚಾಗುತ್ತದೆ; ಬೆಳವಣಿಗೆಗೆ ಸಿಗುವುದು ಉಳಿದ ಮುಕ್ಕಾಲು ಲೀಟರ್ ಮಾತ್ರ. ಎರಡು ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಸೇರಿಸಿ ಎರಡೂವರೆ ಮಾಡಿದರೆ ಬಾಟಲಿ ತುಂಬುತ್ತದೆ, ಕರುವಿನ ಹೊಟ್ಟೆಯೂ ತುಂಬಿದಂತೆ ಕಾಣುತ್ತದೆ, ಆದರೆ ಬೆಳವಣಿಗೆಯ ಪಾಲಿನ ಬಹುಭಾಗ ಹೋಗಿಬಿಟ್ಟಿರುತ್ತದೆ. "ಹಾಲು ದಪ್ಪ, ಕರುವಿಗೆ ಜೀರ್ಣವಾಗುವುದಿಲ್ಲ" ಎಂದು ನೀರು ಬೆರೆಸುವ ಪದ್ಧತಿಯನ್ನು ಬಿಡಲೇಬೇಕು. ಹಸುವಿನ ಹಾಲು ಕರುವಿಗಾಗಿಯೇ ಇರುವ ಆಹಾರ. ಪೊಟ್ಟಣದ ಟೋನ್ಡ್ ಹಾಲನ್ನು ಕೊಡುವವರು ಅದರಲ್ಲಿ ಕೊಬ್ಬು ಶೇಕಡ 3ರಷ್ಟೇ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಬೇಕು. ನೀರಂತೂ ಬೇಡವೇ ಬೇಡ.

ನಮ್ಮ ಕಡೆಯ ಗಿಡ್ಡ ನಾಟಿ ತಳಿಯಾದ ಮಲೆನಾಡು ಗಿಡ್ಡದ ಕರುವಿಗೆ ಈ ಲೀಟರುಗಳನ್ನು ಹಾಗೆಯೇ ಅನ್ವಯಿಸಬಾರದು. ಅದು ಹುಟ್ಟುವಾಗ ಸುಮಾರು ಎಂಟು ಹತ್ತು ಕಿಲೋ ಇರುವ ಪುಟ್ಟ ಜೀವ. ಅದಕ್ಕೆ ದಿನಕ್ಕೆ ಒಂದು ಲೀಟರನ್ನು ನಾಲ್ಕು ಸಲ ಹಂಚಿ ಕೊಡುವುದು ಸರಿಯಾದ ಆರಂಭ. ಮಿಶ್ರತಳಿಯ ಕರುವಿನ ಬಾಟಲಿಯನ್ನು ಪೂರ್ತಿ ಗಿಡ್ಡದ ಕರುವಿಗೆ ಕುಡಿಸಿ ಭೇದಿ ಹತ್ತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗಂಜಿ, ಬೆಲ್ಲದ ನೀರು, ಅಕ್ಕಚ್ಚು (ಅಕ್ಕಿ ತೊಳೆದ ನೀರು) ಇವುಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹಾಲು ಸಾಲದಾದಾಗ ಅನ್ನದ ಗಂಜಿ ಬೆರೆಸುವುದು, ನಿತ್ರಾಣವಾದಾಗ ಬೆಲ್ಲದ ನೀರು ಕುಡಿಸುವುದು ಪ್ರೀತಿಯಿಂದಲೇ ಮಾಡುವ ಕೆಲಸಗಳು. ಆದರೆ ಎಳೆಗರುವಿನ ಕರುಳಿನಲ್ಲಿ ಸಕ್ಕರೆ ಮತ್ತು ಬೆಲ್ಲವನ್ನು ಒಡೆಯುವ ಕಿಣ್ವವೇ ಇರುವುದಿಲ್ಲ. ಪಿಷ್ಟವನ್ನು ಒಡೆಯುವ ಕಿಣ್ವವೂ ಮೊದಲ ಮೂರು ವಾರ ಅತ್ಯಲ್ಪ. ಒಡೆಯದೆ ಉಳಿದ ಬೆಲ್ಲ ಕರುಳಿನಲ್ಲಿ ನೀರನ್ನು ಎಳೆದುಕೊಂಡು, ಹುಳಿಯಾಗಿ, ಭೇದಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕರುವಿಗೆ ಒಗ್ಗುವ ಸಿಹಿಯೆಂದರೆ ಹಾಲಿನ ಸಕ್ಕರೆ ಮತ್ತು ಗ್ಲೂಕೋಸ್ ಮಾತ್ರ.

ಹಾಲು ಯಾವ ಹೊಟ್ಟೆಗೆ ಬೀಳುತ್ತಿದೆ

ಪ್ರಮಾಣ ಸರಿಯಿದ್ದೂ ಕರು ಸೊರಗುತ್ತಿದ್ದರೆ ನೋಡಬೇಕಾದದ್ದು ಇದು. ಬಾಟಲಿ ಕರುಗಳ ವಿಷಯದಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವ ದೋಷ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರುವಿಗೆ ಹುಟ್ಟುವಾಗಲೇ ನಾಲ್ಕು ಹೊಟ್ಟೆಗಳಿರುತ್ತವೆ, ಆದರೆ ಹಾಲಿಗೆ ಬೇಕಾದದ್ದು ನಾಲ್ಕನೆಯದು ಮಾತ್ರ. ಮೆಲುಕು ಹಾಕುವ ದೊಡ್ಡ ಹೊಟ್ಟೆ ಆಗ ಇನ್ನೂ ಎಳೆಯದು. ಅದಕ್ಕೆ ಹಾಲನ್ನು ಜೀರ್ಣಿಸುವ ಶಕ್ತಿಯಿಲ್ಲ. ಕರು ಮೊಲೆಯನ್ನು ಚೀಪಿದಾಗ ಅನ್ನನಾಳದ ಕೊನೆಯಲ್ಲಿರುವ ಎರಡು ತುಟಿಗಳಂಥ ಮಡಿಕೆಗಳು ಒಂದನ್ನೊಂದು ಕೂಡಿಕೊಂಡು ಕೊಳವೆಯಾಗುತ್ತವೆ, ಮತ್ತು ಹಾಲು ದೊಡ್ಡ ಹೊಟ್ಟೆಯ ಮೇಲಿಂದಲೇ ಹಾದು ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿದು, ಅಲ್ಲಿ ಸುಮಾರು ಹತ್ತು ನಿಮಿಷಗಳಲ್ಲಿ ಗಟ್ಟಿ ಮೊಸರಿನಂತೆ ಹೆಪ್ಪುಗಟ್ಟಿ, ನಿಧಾನವಾಗಿ ಕರಗುತ್ತಾ ಗಂಟೆಗಟ್ಟಲೆ ಕರುಳಿಗೆ ಸೇರುತ್ತದೆ. ಚೀಪುವಿಕೆ, ಹಾಲಿನ ಬಿಸಿ, ಹೊತ್ತಿಗೆ ಸರಿಯಾದ ನಿಯಮಿತ ಊಟ, ಹೆದರಿಕೆಯಿಲ್ಲದ ಮನಸ್ಸು, ಇವೆಲ್ಲ ಆ ಕೊಳವೆಯನ್ನು ಕೂಡಿಸುತ್ತವೆ. ಆತುರದ ಗುಟುಕು, ತಣ್ಣನೆಯ ಹಾಲು, ಬಲವಂತ, ನೋವು, ಇವು ಅದನ್ನು ತೆರೆದಿಡುತ್ತವೆ. ತೆರೆದ ಕೊಳವೆಯಿಂದ ದೊಡ್ಡ ಹೊಟ್ಟೆಗೆ ಬಿದ್ದ ಹಾಲು ಹೆಪ್ಪುಗಟ್ಟದೆ, ಅಲ್ಲಿಯೇ ಹುಳಿತು, ಕೊಳೆತು, ಗಾಳಿಯಾಗುತ್ತದೆ. ಕರು ದಿನಕ್ಕೆ ಎರಡೂವರೆ ಲೀಟರ್ ಕುಡಿದರೂ ಉಪವಾಸವೇ ಇರುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ಸಗಣಿ ನೀರಾಗಿರುವುದಿಲ್ಲ, ಬೂದು ಬಣ್ಣದ ಜೇಡಿಮಣ್ಣಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದು, ಬಾಲಕ್ಕೆ ಮೆತ್ತಿಕೊಂಡಿರುತ್ತದೆ. ಹಾಲು ಕುಡಿದ ಮೇಲೆ ಎಡ ಪಕ್ಕೆಯ ಕೆಳಭಾಗ ಉಬ್ಬುತ್ತದೆ. ಮನೆಯವರೊಬ್ಬರು ಬಾಟಲಿ ಹಿಡಿದಿರುವಾಗಲೇ ಇನ್ನೊಬ್ಬರು ಕೊನೆಯ ಪಕ್ಕೆಲುಬಿನ ಹಿಂದೆ ಎಡಭಾಗಕ್ಕೆ ಕಿವಿಯಿಟ್ಟರೆ, ಪ್ರತಿ ಗುಟುಕಿಗೂ ಕೊಡಕ್ಕೆ ನೀರು ಬಿದ್ದಂಥ ಸಪ್ಪಳ ಕೇಳಿಸುತ್ತದೆ. ಒಂಬತ್ತನೆಯ ದಿನ ಸಂಜೆ ಆ ಕರುವಿನ ಪಕ್ಕೆಗೆ ಕಿವಿಯಿಟ್ಟಾಗ ನನಗೆ ಕೇಳಿದ್ದು ಅದೇ ಸಪ್ಪಳ.

ಕಾರಣ ಹುಡುಕಿದಾಗ ಎರಡು ಸಿಕ್ಕಿದವು. ಬೇಗ ಕುಡಿದು ಮುಗಿಸಲಿ ಎಂದು ಯಾರೋ ರಬ್ಬರ್ ತೊಟ್ಟಿನ ತುದಿಯನ್ನು ಕತ್ತರಿಯಿಂದ ಅಡ್ಡಕ್ಕೆ ಕೊಯ್ದಿದ್ದರು. ನಾವೂ ಅದನ್ನೇ ಬಳಸುತ್ತಿದ್ದೆವು. ಬಾಟಲಿಯನ್ನು ಬೋರಲು ಹಿಡಿದರೆ ಹಾಲು ಧಾರೆಯಾಗಿ ಸುರಿಯುತ್ತಿತ್ತು, ಒಂದು ಲೀಟರ್ ಒಂದೂವರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಸರಿಯಾದ ತೊಟ್ಟಿನಿಂದ ಹಾಲು ತೊಟ್ಟಿಕ್ಕಬೇಕೇ ಹೊರತು ಸುರಿಯಬಾರದು. ಅಷ್ಟೇ ಹಾಲು ಕುಡಿಯಲು ಕರು ಐದು ನಿಮಿಷವಾದರೂ ಚೀಪಬೇಕು, ಬಾಯಂಚಿನಲ್ಲಿ ನೊರೆ ಬರಬೇಕು. ಎರಡನೆಯ ಕಾರಣ ಮಳೆ. ಅಡುಗೆಮನೆಯಲ್ಲಿ ಕೈಗೆ ಬಿಸಿಯಾಗಿ ಕಂಡ ಹಾಲನ್ನು ಅಂಗಳ ದಾಟಿಸಿ, ಕೊಟ್ಟಿಗೆಯಲ್ಲಿ ಸಗಣಿ ಬಾಚಿ, ಆಮೇಲೆ ಕುಡಿಸುವಷ್ಟರಲ್ಲಿ ಅದು ಎಷ್ಟು ಆರಿತ್ತೆಂದು ಯಾರೂ ನೋಡಿರಲಿಲ್ಲ. ಹಾಲಿಗೆಂದೇ ಬೇರೆ ಥರ್ಮಾಮೀಟರ್ ಇಟ್ಟುಕೊಂಡು ಕೊಟ್ಟಿಗೆಯಲ್ಲಿ ಅದ್ದಿ ನೋಡಿದರೆ 33 ಡಿಗ್ರಿ ಸೆಲ್ಸಿಯಸ್. ಇರಬೇಕಾದದ್ದು 38ರಿಂದ 39.

ಹೊಸ ತೊಟ್ಟು ತಂದು, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟೇ ಕೊಟ್ಟಿಗೆಗೆ ಒಯ್ದು, ಕುಡಿಸುವ ಮೊದಲು ಒಂದೆರಡು ನಿಮಿಷ ಬೆರಳು ಚೀಪಿಸಿ, ಕರುವಿನ ಕತ್ತು ತಾಯಿಯ ಕೆಚ್ಚಲಿಗೆ ಚಾಚುವಷ್ಟೇ ಎತ್ತರದಲ್ಲಿ ಬಾಟಲಿ ಹಿಡಿಯತೊಡಗಿದೆವು. ತಲೆಯನ್ನು ಆಕಾಶಕ್ಕೆ ಎತ್ತಿಸಿದರೆ ಹಾಲು ಮೂಗಿಗೆ ನುಗ್ಗುತ್ತದೆ, ನೆಲದ ಬಕೆಟ್ಟಿಗೆ ಬಗ್ಗಿಸಿದರೆ ಗುಟುಕು ಜೋರಾಗುತ್ತದೆ. ಆರನೆಯ ದಿನ ಸಗಣಿಯ ಬಣ್ಣ ಹಳದಿಗೆ ತಿರುಗಿತು. ಒಂದೇ ಒಂದು ಹನಿ ಔಷಧವೂ ಇದಕ್ಕೆ ಬೇಕಾಗಲಿಲ್ಲ.

ಹೊಟ್ಟೆಯೊಳಗಿನ ಮತ್ತು ಮೈಮೇಲಿನ ಕಳ್ಳರು

ಹಾಲು ಸರಿಯಾಗಿ ಸೇರುತ್ತಿದ್ದೂ ತೂಕ ಏರದಿದ್ದರೆ ರೋಗದ ಕಡೆ ತಿರುಗಬೇಕು. ಮೂರು ನಾಲ್ಕು ವಾರದ ಕರುವಿನಲ್ಲಿ ಮೊದಲ ಶಂಕೆ ದುಂಡುಹುಳು. ಇದರ ಮರಿಗಳು ತಾಯಿಯ ಹಾಲಿನಲ್ಲೇ ಕರುವಿಗೆ ಬರುತ್ತವೆಯಾದ್ದರಿಂದ, ಗಿಣ್ಣದ ಹಾಲಿನ ದಿನಗಳಲ್ಲಿ ಮಾತ್ರ ತಾಯಿಯನ್ನು ಚೀಪಿ ಆಮೇಲೆ ಬಾಟಲಿಗೆ ಬಂದ ಕರುವೂ ಇದರಿಂದ ಪಾರಾಗಿರುವುದಿಲ್ಲ. ಹೊಟ್ಟೆ ಡುಬ್ಬವಾಗಿ, ಸಗಣಿ ಕೆಸರಿನ ಬಣ್ಣಕ್ಕೆ ತಿರುಗಿ, ಉಸಿರಿನಲ್ಲಿ ಹಳಸಿದ ಬೆಣ್ಣೆಯಂಥ ವಾಸನೆ ಬರುತ್ತದೆ. ಎರಡನೆಯ ವಾರದಲ್ಲಿ ಮೊದಲ ಔಷಧ ಕೊಡುವುದು ರೂಢಿ. ಯಾವ ಔಷಧ, ಎಷ್ಟು ಎಂಬುದನ್ನು ಕರುವಿನ ತೂಕ ಹೇಳಿ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಹುಳು ಬಹಳವಿರುವ ನಿತ್ರಾಣ ಕರುವಿಗೆ ಅಂದಾಜಿನ ಮೇಲೆ ಹೆಚ್ಚು ಔಷಧ ಕುಡಿಸುವುದು ಅಪಾಯ.

ಮೂರು ವಾರ ದಾಟಿದ ಕರು ಬಾಲವೆತ್ತಿ ತಿಣುಕುತ್ತಾ ರಕ್ತ ಬೆರೆತ ಸಗಣಿ ಹಾಕಿದರೆ ಅದು ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯ ಕೆಲಸವಾಗಿರುವ ಸಂಭವ ಹೆಚ್ಚು. ಜಂತುಹುಳುವಿನ ಔಷಧಕ್ಕೆ ಅದು ಬಗ್ಗುವುದೇ ಇಲ್ಲ, ಅದರ ಔಷಧವೇ ಬೇರೆ. ಒಂದು ಚಮಚದಷ್ಟು ತಾಜಾ ಸಗಣಿಯನ್ನು ಶುಚಿಯಾದ ಡಬ್ಬಿಯಲ್ಲಿ ಪಶು ಆಸ್ಪತ್ರೆಗೋ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಒಯ್ದು ಪರೀಕ್ಷಿಸಿಕೊಂಡರೆ ಹುಳುವೋ ಕಾಕ್ಸಿಡಿಯಾವೋ ಎಂಬ ಊಹೆ ಅಲ್ಲಿಗೆ ಮುಗಿಯುತ್ತದೆ. ಅಂದಾಜಿನ ಮೂರು ಔಷಧಗಳಿಗಿಂತ ಒಂದು ಪರೀಕ್ಷೆ ಅಗ್ಗ.

ಕೆಳರೆಪ್ಪೆಯನ್ನು ಎಳೆದು ನೋಡುವುದನ್ನು ಮರೆಯಬಾರದು. ಗುಲಾಬಿ ಬಣ್ಣವಿರಬೇಕಾದ ಒಳಭಾಗ ಬಿಳಿಚಿಕೊಂಡಿದ್ದರೆ ರಕ್ತ ಎಲ್ಲೋ ಹೋಗುತ್ತಿದೆ. ಮಲೆನಾಡಿನಲ್ಲಿ ಅದಕ್ಕೆ ಉಣುಗು ದೊಡ್ಡ ಕಾರಣ. ಕಿವಿಯೊಳಗೆ, ತೊಡೆಸಂದಿನಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ನೋಡಬೇಕು. ಬಿಳಿಚಿದ ರೆಪ್ಪೆಯ ಜೊತೆಗೆ ಜ್ವರವಿದ್ದು, ಭುಜದ ಮುಂದಿನ ಗಂಟು ಊದಿದ್ದರೆ ಅಥವಾ ಮೂತ್ರ ಕಾಫಿಯ ಬಣ್ಣಕ್ಕಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಉಣುಗನ್ನು ಬರಿಗೈಯಲ್ಲಿ ಕಿತ್ತು ಉಗುರಿನಲ್ಲಿ ಹಿಸುಕುವ ಅಭ್ಯಾಸ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಉಣುಗಿನಿಂದಲೇ.

ಹೊಕ್ಕುಳನ್ನು ಮುಟ್ಟಿ ನೋಡಿ. ಒಣಗಿ ಬೆರಳಿನಷ್ಟು ಸಪೂರವಾಗಿರಬೇಕಾದ ಜಾಗ ದಪ್ಪವಾಗಿ ಬಿಸಿಯಾಗಿದ್ದು, ಕರು ಬೆನ್ನು ಗೂನಾಗಿಸಿ ನಿಂತರೆ ಒಳಗೆ ಕೀವಿದೆ. ಗಿಣ್ಣದ ಹಾಲು ಸಿಗದ ಕರುಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಗಿಣ್ಣದ ಹಾಲಿನ ರಕ್ಷಕ ಅಂಶಗಳನ್ನು ಕರುಳು ಹೀರಿಕೊಳ್ಳುವುದು ಹುಟ್ಟಿದ ಸುಮಾರು ಮೊದಲ 24 ಗಂಟೆ ಮಾತ್ರ. ಅದು ತಪ್ಪಿದ ಕರು ಎಂದು ಗೊತ್ತಿದ್ದರೆ, ಸಣ್ಣ ಜ್ವರವನ್ನೂ ದೊಡ್ಡದೆಂದೇ ತಿಳಿಯಬೇಕು.

ಭೇದಿಯಿದ್ದಾಗ

ಹಾಲನ್ನು ಪೂರ್ತಿ ನಿಲ್ಲಿಸುವುದು ಬಡಕಲು ಕರುವಿನ ಜೀವಕ್ಕೆ ಕುತ್ತು. ಅದರ ಮೈಯಲ್ಲಿ ಎರಡು ದಿನದ ಉಪವಾಸಕ್ಕೆ ಬೇಕಾದ ಕೊಬ್ಬು ಇರುವುದಿಲ್ಲ. ಹಾಲನ್ನು ಸಣ್ಣ ಪಾಲುಗಳಾಗಿ ಮುಂದುವರಿಸಿ, ಎರಡು ಹಾಲಿನ ನಡುವೆ, ಕನಿಷ್ಠ ಎರಡು ಗಂಟೆ ಬಿಟ್ಟು, ಓಆರ್‌ಎಸ್ ಕೊಡಬೇಕು. ಪಶುಗಳಿಗೆಂದೇ ಇರುವ ಪುಡಿ ಸಿಗದಿದ್ದರೆ, ಔಷಧಿ ಅಂಗಡಿಯ ಮನುಷ್ಯರ ಓಆರ್‌ಎಸ್ ಪೊಟ್ಟಣವನ್ನೇ ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿ ಕೊಡಬಹುದು. ಅದನ್ನು ಹಾಲಿಗೆ ಬೆರೆಸಬಾರದು. ಅದರಲ್ಲಿರುವ ಕ್ಷಾರಾಂಶ ಹಾಲು ಹೊಟ್ಟೆಯಲ್ಲಿ ಹೆಪ್ಪುಗಟ್ಟುವುದನ್ನು ತಡೆಯುತ್ತದೆ.

ಚೇತರಿಕೆಯ ಊಟ

ದೋಷ ಸಿಕ್ಕ ಸಂತೋಷದಲ್ಲಿ ಹೊಟ್ಟೆ ತುಂಬ ಕುಡಿಸಬೇಕೆಂದು ಮನಸ್ಸು ಹಾತೊರೆಯುತ್ತದೆ. ಬಹುದಿನ ಹಸಿದ ಕರುಳಿನ ಒಳಪದರ ತೆಳುವಾಗಿರುತ್ತದೆ. ಅದು ಏಕಾಏಕಿ ಹೊರೆ ತಾಳದು. ನಮ್ಮ ಕರುವಿಗೆ ಮೊದಲ ಎರಡು ದಿನ 350 ಮಿಲಿಲೀಟರಿನಂತೆ ಐದು ಸಲ, ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ, ಕೊಟ್ಟೆವು. ಆಮೇಲೆ ಸಗಣಿಯನ್ನು ನೋಡಿಕೊಂಡು ದಿನಕ್ಕೆ ನೂರೈವತ್ತರಿಂದ ಇನ್ನೂರು ಮಿಲಿಲೀಟರ್ ಏರಿಸುತ್ತಾ ಹೋಗಿ, ಹತ್ತು ದಿನಗಳಲ್ಲಿ ಮೂರು ಲೀಟರಿಗೆ ತಂದು, ಹೊತ್ತನ್ನು ಮೂರಕ್ಕೆ ಇಳಿಸಿದೆವು. ಒಂದು ಹೊತ್ತಿನ ಹಾಲು ಕರುವಿನ ತೂಕದ ಇಪ್ಪತ್ತನೆಯ ಒಂದು ಭಾಗವನ್ನು ಮೀರದಂತೆ ನೋಡಿಕೊಂಡೆವು. ಸಗಣಿ ಸಡಿಲವಾದ ದಿನ ಏರಿಕೆ ಇಲ್ಲ.

ಕರು ಮಲಗುವ ಜಾಗವೂ ಊಟದ ಭಾಗವೇ. ಒದ್ದೆ ದರಕಿನ ಮೇಲೆ ಮಲಗಿದ ಕರು ಕುಡಿದ ಹಾಲನ್ನೆಲ್ಲ ಮೈ ಬಿಸಿ ಮಾಡಿಕೊಳ್ಳಲು ಸುಡುತ್ತದೆ. ಮಂಡಿಯೂರಿ ಕೂತು, ಮೊಣಕಾಲಿನ ಬಟ್ಟೆ ಒದ್ದೆಯಾದರೆ ಹಾಸು ಬದಲಾಯಿಸಬೇಕು ಎಂದು ತಿಳಿಯಬೇಕು. ಕಲ್ಲು ಅಥವಾ ಸಿಮೆಂಟ್ ನೆಲವಾದರೆ ಹಲಗೆ ಹಾಕಿ, ಅದರ ಮೇಲೆ ದಪ್ಪವಾಗಿ ಭತ್ತದ ಹುಲ್ಲು ಹಾಸಬೇಕು. ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹೊಗೆ ಹಾಕುವವರು ಕರುವಿನ ಮೂಲೆಯಲ್ಲಿ ಹಾಕಬಾರದು. ಎಳೆಯ ಶ್ವಾಸಕೋಶ ಅದನ್ನು ತಡೆಯಲಾರದು. ಸೊಳ್ಳೆಪರದೆ ಕಟ್ಟುವುದು ಒಳ್ಳೆಯದು.

ಪ್ರತಿ ಭಾನುವಾರ, ಬೆಳಗಿನ ಹಾಲಿಗೆ ಮೊದಲು, ಅದೇ ಕಾಟಾದಲ್ಲಿ ತೂಕ. ಕಾಟಾ ಇಲ್ಲದವರು ಮುಂಗಾಲಿನ ಹಿಂದಿನ ಎದೆಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. 25 ಇಂಚು ಸುತ್ತಳತೆ, 23 ಇಂಚು ಉದ್ದವಿದ್ದರೆ ಸುಮಾರು 21.8 ಕಿಲೋ. ಎಳೆಗರುಗಳಲ್ಲಿ ಇದು ಒಂದೆರಡು ಕಿಲೋ ಆಚೀಚೆ ಆಗಬಹುದು, ಆದರೆ ಒಬ್ಬರೇ, ಒಂದೇ ಹೊತ್ತಿನಲ್ಲಿ ಅಳೆಯುತ್ತಾ ಹೋದರೆ ಏರಿಕೆಯ ದಿಕ್ಕು ತಪ್ಪದು. ನಮ್ಮ ಪುಸ್ತಕದಲ್ಲಿ 21.5ರ ಕೆಳಗೆ 22, ಆಮೇಲೆ 24, 26.5, 29.5 ಎಂದು ಬರೆದಿದೆ. ಮೊದಲ ವಾರದ ಅರ್ಧ ಕಿಲೋವನ್ನು ಕಂಡು ನಿರಾಶರಾಗಬಾರದು. ಮೈ ಮೊದಲು ಒಳಗಿನ ನಷ್ಟವನ್ನು ತುಂಬಿಕೊಳ್ಳುತ್ತದೆ.

ಹಾಲಿನ ಜೊತೆಯಲ್ಲಿಯೇ ಶುಚಿಯಾದ ನೀರು, ಶೇಕಡ 18ರಿಂದ 20ರಷ್ಟು ಪ್ರೋಟೀನ್ ಇರುವ ಕರು ಆಹಾರ ಮತ್ತು ಎಳೆಯ ಒಣಹುಲ್ಲು ಇರಬೇಕು. ಹಾಲು ಮುಗಿದ ಕೂಡಲೇ, ಚೀಪುವ ಆಸೆ ಇನ್ನೂ ಇರುವಾಗ, ಒಂದು ಹಿಡಿ ಕರು ಆಹಾರವನ್ನು ಬಾಯಿಗೆ ಸವರಿದರೆ ಮೂರು ನಾಲ್ಕು ದಿನಗಳಲ್ಲಿ ತಾನೇ ನೆಕ್ಕಲು ಕಲಿಯುತ್ತದೆ. ದೊಡ್ಡ ಹೊಟ್ಟೆಯನ್ನು ಬೆಳೆಸುವುದು ಹುಲ್ಲಿಗಿಂತ ಹೆಚ್ಚಾಗಿ ಈ ಧಾನ್ಯದ ಆಹಾರ. ಕರು ಗೋಡೆಯ ಮಣ್ಣನ್ನು ನೆಕ್ಕುತ್ತಿದ್ದರೆ ಬೈದು ಎಳೆಯುವ ಬದಲು ಖನಿಜ ಮಿಶ್ರಣ ಕೊಡಬೇಕು. ಮಳೆಗೆ ಸಾರ ತೊಳೆದುಹೋದ ನಮ್ಮ ಮಣ್ಣಿನ ಹುಲ್ಲಿನಲ್ಲಿ ಖನಿಜಗಳು ಸಾಲುವುದಿಲ್ಲ.

ಬಾಟಲಿ ಬಿಡಿಸುವ ದಿನವನ್ನು ವಯಸ್ಸು ನೋಡಿ ಗೊತ್ತುಮಾಡಬಾರದು. ಮಿಶ್ರತಳಿಯ ಕರು ಸತತ ಮೂರು ದಿನ ಮುಕ್ಕಾಲು ಕಿಲೋ ಕರು ಆಹಾರ ತಿಂದು, ಮಲಗಿ ಮೆಲುಕು ಹಾಕುವುದು ಕಂಡ ಮೇಲೆ, ಒಂದು ಹೊತ್ತಿನ ಹಾಲನ್ನು ತೆಗೆದು, ವಾರ ಬಿಟ್ಟು ಇನ್ನೊಂದು ಹೊತ್ತನ್ನು ತೆಗೆಯಬೇಕು. ನಮ್ಮ ಕರುವಿಗೆ ಆ ದಿನ ಬಂದದ್ದು ನವರಾತ್ರಿಯ ಹೊತ್ತಿಗೆ, ಹೊರಗೆ ಮಳೆ ಹೊಳವಾಗಿ ಬ್ಯಾಣದ (ಹುಲ್ಲುಗಾವಲಿನ) ಹುಲ್ಲು ಒಣಗತೊಡಗಿದ ಮೇಲೆ.